ಪ್ರಾಕೃತಕ್ಕೆ ಬಾಳು ಸವೆಸಿದ ಸದಲಗಾದ ಉಪಾಧ್ಯೆ

ಬೆಳಗಾವಿ: ಖಾನಾಪುರ ತಾಲ್ಲೂಕಿನ ಹಲಸಿ ಎಂದೊಡನೆ ಭೂವರಾಹ ನರಸಿಂಹ ದೇವಾಲಯ ಹಾಗೂ ಕದಂಬ ಅರಸರ ಹೆಸರು ನೆನಪಾಗುತ್ತವೆ. ಪಲಾಶಿಕಾ ಎಂಬುದು ಈ ಊರಿನ ಪ್ರಾಚೀನ ನಾಮ. 19ನೇ ಶತಮಾನದಲ್ಲಿ ಇಲ್ಲಿ ದೊರೆತ ತಾಮ್ರಪಟಗಳನ್ನು ಜೆ.ಎಫ್. ಫ್ಲೀಟ್ ಓದಿ ಪ್ರಕಟಿಸಿದರು. ಅವುಗಳಲ್ಲೊಂದು ಕದಂಬ ದೊರೆ ಮೃಗೇಶವರ್ಮನದು. ತಂದೆಯ ಸ್ಮರಣಾರ್ಥ ಆತ ಪಲಾಶಿಕೆಯಲ್ಲಿ ಜಿನಾಲಯ ಕಟ್ಟಿಸಿ, 33 ನಿವರ್ತನ ಭೂಮಿಯನ್ನು ಯಾಪನೀಯ, ನಿರ್ಗ್ರಂಥ ಮತ್ತು ಕೂರ್ಚಕ ಎಂಬ ಮೂರು ಸಂಘಗಳ ಮುನಿಗಳಿಗೆ ದಾನವಿತ್ತನೆಂದು ಆ ಪಟ ತಿಳಿಸುತ್ತದೆ.

ಈ ಯಾಪನೀಯರು ಯಾರು? ಇಂದು ಆ ಹೆಸರಿನ ಸಂಘವೂ ಇಲ್ಲ, ಅನುಯಾಯಿಗಳೂ ಇಲ್ಲ. ದಿಗಂಬರರಂತೆ ನಗ್ನತೆಯನ್ನು ಪಾಲಿಸುತ್ತಿದ್ದ ಈ ಮುನಿಗಳು, ಶ್ವೇತಾಂಬರರಂತೆ ಸ್ತ್ರೀಯರಿಗೂ ಅದೇ ಜನ್ಮದಲ್ಲಿ ಮೋಕ್ಷವುಂಟೆಂದು ನಂಬಿದ್ದರು. ಉತ್ತರ ಕರ್ನಾಟಕದಲ್ಲಿ ಶತಮಾನಗಳ ಕಾಲ ಬಾಳಿ ಕಣ್ಮರೆಯಾದ ಈ ಸಂಘದ ಚರಿತ್ರೆಯನ್ನು ಶಾಸನ ಹಾಗೂ ಗ್ರಂಥಗಳಿಂದ ಆಯ್ದು ಜೋಡಿಸಿ, 1933ರಲ್ಲಿ ಮುಂಬೈ ವಿಶ್ವವಿದ್ಯಾಲಯದ ಸಂಶೋಧನಾ ಪತ್ರಿಕೆಯಲ್ಲಿ ಲೇಖನ ಪ್ರಕಟಿಸಿದವರು ಕೊಲ್ಲಾಪುರದ ಕಾಲೇಜೊಂದರ ತರುಣ ಅಧ್ಯಾಪಕ. ಆಗ ಅವರ ವಯಸ್ಸು 27. ಅವರೇ ಡಾ. ಆದಿನಾಥ ನೇಮಿನಾಥ ಉಪಾಧ್ಯೆ.

ವಿದ್ವತ್ ವಲಯದಲ್ಲಿ ಎ.ಎನ್. ಉಪಾಧ್ಯೆ ಎಂದೇ ಪ್ರಸಿದ್ಧರಾದ ಅವರು ಬೋಧಿಸುತ್ತಿದ್ದ ವಿಷಯ ಅರ್ಧಮಾಗಧಿ. ಈ ಹೆಸರನ್ನೇ ಇಂದಿನ ಬಹುಪಾಲು ಪದವೀಧರರು ಕೇಳಿರಲಿಕ್ಕಿಲ್ಲ. ಒಂದು ಕಾಲಕ್ಕೆ ಕಾಲೇಜಿನ ವೇಳಾಪಟ್ಟಿಯಲ್ಲಿ ಸಂಸ್ಕೃತದ ಜೊತೆಜೊತೆಗೆ ಕಾಣಿಸುತ್ತಿದ್ದ ಈ ಪಾಠ ಬೆಳೆದು ಬಂದ ಬಗೆಯನ್ನೂ, ಸೊರಗಿದ ಬಗೆಯನ್ನೂ ಉಪಾಧ್ಯೆಯವರ ಬಾಳಿನ ಜಾಡಿನಲ್ಲಿಯೇ ಗುರುತಿಸಬಹುದಾಗಿದೆ.

ಸದಲಗಾದಿಂದ ಬೆಳಗಾವಿಗೆ

ಉಪಾಧ್ಯೆಯವರು ಜನಿಸಿದ್ದು 1906ರ ಫೆಬ್ರುವರಿ 6ರಂದು, ಬೆಳಗಾವಿ ಜಿಲ್ಲೆಯ ಚಿಕ್ಕೋಡಿ ಭಾಗದ ಸದಲಗಾದಲ್ಲಿ. ದೂಧಗಂಗಾ ನದಿಯ ಸೀಮೆಯ ಈ ಊರು ಜೈನ ಕೃಷಿಕ ಕುಟುಂಬಗಳಿಗೆ ಹೆಸರಾದುದು. ಮುಂದೆ ದೇಶದಾದ್ಯಂತ ಖ್ಯಾತರಾದ ಆಚಾರ್ಯ ವಿದ್ಯಾಸಾಗರ ಮುನಿಗಳ ಜನ್ಮಸ್ಥಳವೂ ಇದೇ. ಬಸದಿಯ ಪೂಜಾಕಾರ್ಯ ನಡೆಸುವ ಮನೆತನಗಳಿಗೆ ಈ ಸೀಮೆಯಲ್ಲಿ ಉಪಾಧ್ಯೆ ಎಂದು ಹೆಸರು. ಕನ್ನಡ, ಮರಾಠಿಗಳೆರಡೂ ಕಿವಿಗೆ ಬೀಳುವ ಗಡಿನಾಡು ಇದು. ಬಸದಿಯೊಳಗೆ ಕೇಳಿಬರುವ ಮಂತ್ರ, ಗಾಹೆಗಳಾದರೋ ಪ್ರಾಕೃತದವು.

ಪ್ರಾಥಮಿಕ ಶಿಕ್ಷಣವನ್ನು ಹುಟ್ಟೂರಿನಲ್ಲಿ ಮುಗಿಸಿದ ಬಾಲಕ, ಪ್ರೌಢಶಿಕ್ಷಣಕ್ಕಾಗಿ ಬೆಳಗಾವಿಯ ಗಿಲಗಂಚಿ ಅರಟಾಳ ಹೈಸ್ಕೂಲಿಗೆ ಸೇರಿದರು. 1916ರಲ್ಲಿ ಹುಟ್ಟಿದ ಕೆಎಲ್ಇ ಸಂಸ್ಥೆಗೆ ಸೇರಿದ ಈ ಶಾಲೆ, ಗಡಿಭಾಗದ ಗ್ರಾಮೀಣ ಮಕ್ಕಳಿಗೆ ಇಂಗ್ಲಿಷ್ ವಿದ್ಯೆಯ ಹೆಬ್ಬಾಗಿಲಾಗಿತ್ತು. ಬೆಳಗಾವಿಯಲ್ಲಿ ಆಗಿನ್ನೂ ಲಿಂಗರಾಜ ಕಾಲೇಜು ಆರಂಭವಾಗಿರಲಿಲ್ಲ. ಅದು ಬಾಗಿಲು ತೆರೆದದ್ದು 1933ರಲ್ಲಿ. ಹೀಗಾಗಿ ಪದವಿ ವ್ಯಾಸಂಗಕ್ಕಾಗಿ ಈ ಭಾಗದ ವಿದ್ಯಾರ್ಥಿಗಳು ಸಾಂಗ್ಲಿ, ಕೊಲ್ಲಾಪುರ, ಪುಣೆ ಅಥವಾ ಧಾರವಾಡದ ಹಾದಿ ಹಿಡಿಯುವುದು ವಾಡಿಕೆಯಾಗಿತ್ತು.

ಉಪಾಧ್ಯೆಯವರು ಸಂಸ್ಕೃತ ಹಾಗೂ ಪ್ರಾಕೃತಗಳನ್ನು ಆರಿಸಿಕೊಂಡು ಮುಂಬೈ ವಿಶ್ವವಿದ್ಯಾಲಯದ ಬಿ.ಎ. ಪದವಿ ಪಡೆದರು. 1930ರಲ್ಲಿ ಎಂ.ಎ. ಮುಗಿಸಿದರು. ಪುಣೆಯ ಭಂಡಾರಕರ್ ಪ್ರಾಚ್ಯವಿದ್ಯಾ ಸಂಶೋಧನ ಮಂದಿರದ ಹಸ್ತಪ್ರತಿ ಭಂಡಾರ ಅವರ ಮುಂದಿನ ದಾರಿಯನ್ನು ನಿಶ್ಚಯಿಸಿತು. ಒಂದೇ ಕೃತಿಯ ಹಲವು ಪ್ರತಿಗಳನ್ನು ಎದುರುಬದುರು ಇರಿಸಿಕೊಂಡು, ಲಿಪಿಕಾರರ ತಪ್ಪುಗಳನ್ನು ಕಳೆದು, ಮೂಲಪಾಠದ ಸಮೀಪಕ್ಕೆ ತಲುಪುವ ಗ್ರಂಥಸಂಪಾದನ ಶಾಸ್ತ್ರವನ್ನು ಅವರು ಅಲ್ಲಿಂದ ಮುಂದೆ ಜೀವನಪೂರ್ತಿ ಕೈಬಿಡಲಿಲ್ಲ.

ಪಠ್ಯಕ್ರಮದಲ್ಲೊಂದು ಸ್ಥಾನ

1930ರಲ್ಲಿಯೇ ಅವರಿಗೆ ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿ ಅರ್ಧಮಾಗಧಿ ಅಧ್ಯಾಪಕ ಹುದ್ದೆ ದೊರೆಯಿತು. 1880ರಲ್ಲಿ ಸ್ಥಾಪಿತವಾದ, ಕೊಲ್ಲಾಪುರ ಸಂಸ್ಥಾನದ ಆಶ್ರಯದಲ್ಲಿದ್ದ ಈ ಕಾಲೇಜು ಮುಂಬೈ ವಿಶ್ವವಿದ್ಯಾಲಯಕ್ಕೆ ಸೇರಿತ್ತು.

ಎಂ.ಎ. ಮುಗಿಸಿದ ವರ್ಷವೇ ಪ್ರಾಕೃತದ ವಿದ್ಯಾರ್ಥಿಗೆ ನೌಕರಿ ಸಿಕ್ಕಿದ್ದು ಹೇಗೆ ಎಂಬ ಪ್ರಶ್ನೆ ಇಂದಿನ ಓದುಗರಿಗೆ ಸಹಜ. ಉತ್ತರ ವಿಶ್ವವಿದ್ಯಾಲಯದ ನಿಯಮಾವಳಿಯಲ್ಲಿದೆ. ಆ ಕಾಲದ ಕಾಲೇಜು ವಿದ್ಯಾರ್ಥಿ ಇಂಗ್ಲಿಷಿನ ಜೊತೆಗೆ ಎರಡನೆಯ ಭಾಷೆಯೊಂದನ್ನು ಓದಬೇಕಾಗಿತ್ತು. ಸಂಸ್ಕೃತ, ಫಾರಸಿ, ಪಾಲಿ ಮುಂತಾದ ಪ್ರಾಚೀನ ಭಾಷೆಗಳ ಸಾಲಿನಲ್ಲಿ ಅರ್ಧಮಾಗಧಿಗೂ ಸ್ಥಾನ ದೊರೆತಿತ್ತು. ಬೆಳಗಾವಿ, ಸಾಂಗ್ಲಿ, ಕೊಲ್ಲಾಪುರ ಸೀಮೆಯ ಜೈನ ವಿದ್ಯಾರ್ಥಿಗಳಿಗೆ ಇದು ಮನೆಯ ಪರಿಸರಕ್ಕೆ ಹತ್ತಿರದ ಭಾಷೆ. ಭಾಷೆಗೆ ಪರೀಕ್ಷೆಯಿದ್ದುದರಿಂದ ವಿದ್ಯಾರ್ಥಿಗಳಿದ್ದರು, ವಿದ್ಯಾರ್ಥಿಗಳಿದ್ದುದರಿಂದ ಅಧ್ಯಾಪಕ ಹುದ್ದೆಯಿತ್ತು. ಪಠ್ಯಪುಸ್ತಕಗಳಿಗೂ ಬೇಡಿಕೆಯಿತ್ತು. ಎ.ಎಂ. ಘಾಟಗೆಯವರ ಅರ್ಧಮಾಗಧಿ ವ್ಯಾಕರಣ ಪ್ರವೇಶಿಕೆ ಕೊಲ್ಲಾಪುರದಲ್ಲಿಯೇ ಅಚ್ಚಾಯಿತು.

ಪ್ರಾಕೃತವೆಂಬುದು ಒಂದೇ ಭಾಷೆಯಲ್ಲ. ಅದೊಂದು ಭಾಷಾ ಸಮೂಹ. ಶ್ವೇತಾಂಬರ ಆಗಮಗಳ ಭಾಷೆ ಅರ್ಧಮಾಗಧಿ. ಕುಂದಕುಂದಾಚಾರ್ಯರ ಕೃತಿಗಳದು ಶೌರಸೇನಿಯ ಒಂದು ರೂಪ. ಕಾವ್ಯಗಳಲ್ಲಿ ಮೆರೆದುದು ಮಾಹಾರಾಷ್ಟ್ರೀ. ಇವುಗಳ ಮುಂದಿನ ಹಂತ ಅಪಭ್ರಂಶ. ಕಾಲೇಜಿನಲ್ಲಿ ಅರ್ಧಮಾಗಧಿ ಪಾಠ ಹೇಳುತ್ತಿದ್ದ ಉಪಾಧ್ಯೆಯವರು ಸಂಶೋಧನೆಯಲ್ಲಿ ಈ ನಾಲ್ಕೂ ಶಾಖೆಗಳಲ್ಲಿ ಕೈಯಾಡಿಸಿದರು.

ತಾಳೆಗರಿಯ ನಡುವೆ ಮೂರು ದಶಕ

1935ರಲ್ಲಿ ಅವರು ಸಂಪಾದಿಸಿದ ಕುಂದಕುಂದರ ಪ್ರವಚನಸಾರ ಪ್ರಕಟವಾಯಿತು. ಇಂಗ್ಲಿಷಿನಲ್ಲಿ ಬರೆದ ಅದರ ಸುದೀರ್ಘ ಪ್ರಸ್ತಾವನೆ ಕುಂದಕುಂದರ ಕಾಲ, ಕೃತಿ, ಭಾಷೆ, ತತ್ತ್ವಗಳನ್ನು ಕುರಿತ ಸ್ವತಂತ್ರ ಗ್ರಂಥದಂತಿದೆ. 1937ರಲ್ಲಿ ಜೋಇಂದು ಕವಿಯ ಅಪಭ್ರಂಶ ಕೃತಿ ಪರಮಾತ್ಮಪ್ರಕಾಶ ಹೊರಬಂತು. ಇದಕ್ಕಾಗಿ ಅವರು ಕನ್ನಡ ಲಿಪಿಯ ಹಸ್ತಪ್ರತಿಗಳನ್ನೂ, ಕನ್ನಡದಲ್ಲಿದ್ದ ಟೀಕೆಯನ್ನೂ ಬಳಸಿಕೊಂಡರು. 1939ರಲ್ಲಿ ಮುಂಬೈ ವಿಶ್ವವಿದ್ಯಾಲಯ ಅವರಿಗೆ ಡಿ.ಲಿಟ್. ಪದವಿ ನೀಡಿತು.

1938ರಲ್ಲಿ ಪ್ರಕಟವಾದ ವರಾಂಗಚರಿತದ ಕತೆ ಪತ್ತೇದಾರಿಕೆಗೆ ಸಮನಾದುದು. ಈ ಸಂಸ್ಕೃತ ಕಾವ್ಯದ ತಾಳೆಗರಿ ಪ್ರತಿ ದೊರೆತದ್ದು ಕೊಲ್ಲಾಪುರದ ಲಕ್ಷ್ಮೀಸೇನ ಮಠದ ಭಂಡಾರದಲ್ಲಿ. ಇದನ್ನು ರವಿಷೇಣನೆಂಬ ಬೇರೊಬ್ಬ ಕವಿಯ ರಚನೆಯೆಂದು ವಿದ್ವಾಂಸರು ಭಾವಿಸಿದ್ದರು. ಪಂಪ, ಚಾವುಂಡರಾಯ, ನಯಸೇನ ಮೊದಲಾದ ಕನ್ನಡ ಕವಿಗಳು ಜಟಾಸಿಂಹನಂದಿಯನ್ನು ಸ್ಮರಿಸಿರುವುದನ್ನು ಉಪಾಧ್ಯೆಯವರು ಗಮನಿಸಿದರು. ಕೊಪ್ಪಳದ ಬೆಟ್ಟದಲ್ಲಿ ಅದೇ ಆಚಾರ್ಯನ ಪಾದಗಳನ್ನು ಕೆತ್ತಿಸಿದ ಕನ್ನಡ ಶಾಸನವಿತ್ತು. ಈ ಆಧಾರಗಳನ್ನೆಲ್ಲ ಕೂಡಿಸಿ, ಕಾವ್ಯದ ಕರ್ತೃ ಜಟಾಸಿಂಹನಂದಿಯೇ ಎಂದು ಅವರು ಸ್ಥಾಪಿಸಿದರು. ಕನ್ನಡ ಬಲ್ಲ ಪ್ರಾಕೃತ ವಿದ್ವಾಂಸನಿಗೆ ಮಾತ್ರ ಸಾಧ್ಯವಾಗುವ ಕಾರ್ಯ ಇದಾಗಿತ್ತು.

ಪ್ರಾಕೃತವನ್ನು ಒಂದು ಧರ್ಮದ ಭಾಷೆಯೆಂದು ಅವರು ಎಣಿಸಿರಲಿಲ್ಲ. ಕೇರಳದ ರಾಮಪಾಣಿವಾದ ಪ್ರಾಕೃತದಲ್ಲಿ ರಚಿಸಿದ ಕೃಷ್ಣಕಥೆ ಕಂಸವಹೋ, ರುದ್ರದಾಸನ ನಾಟಕ ಚಂದ್ರಲೇಖಾ, ಹಾಲ ದೊರೆಯ ಪ್ರಣಯವನ್ನು ವರ್ಣಿಸುವ ಕೋಊಹಲನ ಲೀಲಾವಈ ಇವೆಲ್ಲವೂ 1940ರ ದಶಕದಲ್ಲಿ ಅವರ ಸಂಪಾದಕತ್ವದಲ್ಲಿ ಬೆಳಕು ಕಂಡವು. ಕ್ರಿ.ಶ. 779ರಲ್ಲಿ ಉದ್ಯೋತನಸೂರಿ ರಚಿಸಿದ ಕುವಲಯಮಾಲಾ ಎಂಬ ಬೃಹತ್ ಕಥಾಗ್ರಂಥದ ಮೂಲಪಾಠ 1959ರಲ್ಲಿಯೂ, ಎರಡನೆಯ ಭಾಗ 1970ರಲ್ಲಿಯೂ ಪ್ರಕಟವಾದವು. ಸಂತೆಯಲ್ಲಿ ನೆರೆದ ನಾನಾ ದೇಶದ ವರ್ತಕರ ಚಹರೆ, ಮಾತಿನ ಧಾಟಿಗಳನ್ನು ವರ್ಣಿಸುವ ಆ ಕೃತಿಯಲ್ಲಿ ಕರ್ನಾಟಕದ ವರ್ತಕನೂ ಇದ್ದಾನೆ.

ನಾಗಪುರ ಸೀಮೆಯ ವಿದ್ವಾಂಸ ಡಾ. ಹೀರಾಲಾಲ್ ಜೈನ್ ಅವರ ಜೊತೆಗಿನ ಸ್ನೇಹ ಅವರ ಬದುಕಿನ ಮತ್ತೊಂದು ಮುಖ್ಯ ಸಂಗತಿ. ಮೂಡುಬಿದಿರೆಯ ಬಸದಿಯಲ್ಲಿ ಶತಮಾನಗಳ ಕಾಲ ಪೂಜೆಗೊಳ್ಳುತ್ತಿದ್ದ ಧವಲಾ ಟೀಕೆಯ ತಾಳೆಗರಿಗಳು ಹಳೆಯ ಕನ್ನಡ ಲಿಪಿಯವು. ಭಾಷೆ ಮಾತ್ರ ಹೆಚ್ಚಿನಂಶ ಪ್ರಾಕೃತ. ಹೀರಾಲಾಲರ ಪ್ರಧಾನ ಸಂಪಾದಕತ್ವದಲ್ಲಿ 1939ರಿಂದ 16 ಸಂಪುಟಗಳಾಗಿ ಮುದ್ರಣಗೊಂಡ ಈ ಮಹಾಕಾರ್ಯಕ್ಕೆ ಉಪಾಧ್ಯೆಯವರು ಹೆಗಲು ಕೊಟ್ಟರು. ಸೊಲ್ಲಾಪುರದ ಜೀವರಾಜ ಜೈನ ಗ್ರಂಥಮಾಲೆ ಹಾಗೂ ಭಾರತೀಯ ಜ್ಞಾನಪೀಠದ ಮೂರ್ತಿದೇವಿ ಗ್ರಂಥಮಾಲೆಗಳನ್ನು ಈರ್ವರೂ ಕೂಡಿ ಮುನ್ನಡೆಸಿದರು. ತಮ್ಮ ಕೃತಿಗಳ ಜೊತೆಗೆ ಇತರ ವಿದ್ವಾಂಸರ ಹತ್ತಾರು ಗ್ರಂಥಗಳಿಗೂ ಪ್ರಧಾನ ಸಂಪಾದಕರಾಗಿ ದುಡಿದರು.

ಕನ್ನಡದ ಋಣ

1943ರಲ್ಲಿ ಪ್ರಕಟವಾದ ಹರಿಷೇಣನ ಬೃಹತ್ಕಥಾಕೋಶದ ಪ್ರಸ್ತಾವನೆ ಕನ್ನಡಿಗರು ಮರೆಯಬಾರದ ಬರಹ. ಕನ್ನಡದ ಆದಿ ಗದ್ಯಕೃತಿಗಳಲ್ಲೊಂದಾದ ವಡ್ಡಾರಾಧನೆಯಲ್ಲಿ 19 ಕತೆಗಳಿವೆ. ಪ್ರತಿ ಕತೆಯೂ ಒಂದು ಪ್ರಾಕೃತ ಗಾಹೆಯಿಂದ ಆರಂಭವಾಗುತ್ತದೆ. ಈ ಗಾಹೆಗಳು ಶಿವಾರ್ಯನ ಭಗವತೀ ಆರಾಧನಾ ಎಂಬ ಪ್ರಾಕೃತ ಗ್ರಂಥದಿಂದ ಬಂದವು. ಆ ಗ್ರಂಥವನ್ನು ಆಧರಿಸಿ ಬೆಳೆದ ಕಥಾಪರಂಪರೆಯನ್ನು ಸಂಸ್ಕೃತ, ಪ್ರಾಕೃತ, ಅಪಭ್ರಂಶ, ಕನ್ನಡಗಳಲ್ಲಿ ತುಲನೆ ಮಾಡಿ, ವಡ್ಡಾರಾಧನೆಯ ನೆಲೆಯನ್ನು ಉಪಾಧ್ಯೆಯವರು ಗುರುತಿಸಿದರು. ಡಿ.ಎಲ್. ನರಸಿಂಹಾಚಾರ್ಯರ ವಡ್ಡಾರಾಧನೆ ಸಂಪಾದನೆ 1949ರಲ್ಲಿ ಪ್ರಕಟವಾಗುವುದಕ್ಕೂ ಮುನ್ನ ನಡೆದ ಚರ್ಚೆಯಿದು. ಶಿವಾರ್ಯನನ್ನು ಯಾಪನೀಯ ಸಂಘದವನೆಂದು ಹಲವು ವಿದ್ವಾಂಸರು ಭಾವಿಸುತ್ತಾರೆ. ಹಾಗೆ ನೋಡಿದರೆ, ಹಲಸಿಯ ತಾಮ್ರಪಟದಲ್ಲಿ ಭೂದಾನ ಪಡೆದ ಮುನಿಗಳ ಪರಂಪರೆಗೂ, ಇಂದು ಕನ್ನಡ ಎಂ.ಎ. ವಿದ್ಯಾರ್ಥಿಗಳು ಓದುವ ಭದ್ರಬಾಹು, ಸುಕುಮಾರಸ್ವಾಮಿಯರ ಕತೆಗಳಿಗೂ ನಂಟು ಉಂಟು.

ನಂಟು ಜೈನ ಸಾಹಿತ್ಯಕ್ಕಷ್ಟೇ ಸೀಮಿತವೂ ಅಲ್ಲ. ಮಸ್ಕಿ, ಬ್ರಹ್ಮಗಿರಿಗಳ ಅಶೋಕ ಶಾಸನಗಳ ಭಾಷೆ ಪ್ರಾಕೃತ. ಬೆಳಗಾವಿ ನಗರದ ವಡಗಾವ-ಮಾಧವಪುರದಲ್ಲಿ ದೊರೆತ, ವೈದಿಕ ಯಾಗಗಳನ್ನು ಉಲ್ಲೇಖಿಸುವ ಬ್ರಾಹ್ಮಿ ಲಿಪಿಯ ಕಂಬದ ಶಾಸನವೂ ಪ್ರಾಕೃತದ್ದೇ. ಸಿರಿ, ಜಸ, ಕಬ್ಬ, ಬಸದಿ, ಜೋಗಿ, ಸಕ್ಕದ ಮುಂತಾದ ಪದಗಳು ಕನ್ನಡಕ್ಕೆ ಬಂದದ್ದು ಪ್ರಾಕೃತದ ಹಾದಿಯಿಂದ.

ರಾಜಾರಾಮ ಕಾಲೇಜಿನಲ್ಲಿ ಕನ್ನಡ ಪ್ರಾಧ್ಯಾಪಕರಾಗಿದ್ದ ಕೆ.ಜಿ. ಕುಂದಣಗಾರರು 1961ರ ಗದಗ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದರು. 1967ರಲ್ಲಿ ಶ್ರವಣಬೆಳಗೊಳದಲ್ಲಿ ನಡೆದ ಸಮ್ಮೇಳನಕ್ಕೆ ಉಪಾಧ್ಯೆಯವರು ಅಧ್ಯಕ್ಷರಾದರು. ಮಹಾರಾಷ್ಟ್ರಕ್ಕೆ ಸೇರಿದ ನಗರದ ಒಂದೇ ಕಾಲೇಜಿನಲ್ಲಿ ದುಡಿದ ಈರ್ವರು ಆರು ವರ್ಷಗಳ ಅಂತರದಲ್ಲಿ ಕನ್ನಡದ ಈ ಗೌರವಕ್ಕೆ ಪಾತ್ರರಾದದ್ದು ಗಡಿಭಾಗದ ವಿದ್ವತ್ತಿಗೆ ಸಂದ ಮನ್ನಣೆ. ಅದಕ್ಕೂ ಮುನ್ನ, 1966ರಲ್ಲಿ, ಅಲಿಗಢದ ಅಖಿಲ ಭಾರತ ಪ್ರಾಚ್ಯವಿದ್ಯಾ ಸಮ್ಮೇಳನದ ಅಧ್ಯಕ್ಷ ಪೀಠವನ್ನು ಉಪಾಧ್ಯೆಯವರು ಅಲಂಕರಿಸಿದ್ದರು.

ಮೈಸೂರಿನಲ್ಲಿ ಹೊಸ ವಿಭಾಗ

32 ವರ್ಷಗಳ ಸೇವೆಯ ನಂತರ 1962ರಲ್ಲಿ ರಾಜಾರಾಮ ಕಾಲೇಜಿನಿಂದ ನಿವೃತ್ತರಾದ ಅವರು, ಅದೇ ವರ್ಷ ಸ್ಥಾಪನೆಗೊಂಡ ಶಿವಾಜಿ ವಿಶ್ವವಿದ್ಯಾಲಯದಲ್ಲಿ ಕಲಾ ನಿಕಾಯದ ಡೀನ್ ಆಗಿ ಕಾರ್ಯ ನಿರ್ವಹಿಸಿದರು. ಆಮೇಲೆ ಬಂದದ್ದು ಮೈಸೂರಿನ ಕರೆ. ದೇ. ಜವರೇಗೌಡರು ಕುಲಪತಿಗಳಾಗಿದ್ದ ಅವಧಿಯಲ್ಲಿ ಮೈಸೂರು ವಿಶ್ವವಿದ್ಯಾಲಯ ಜೈನಶಾಸ್ತ್ರ ಮತ್ತು ಪ್ರಾಕೃತ ಅಧ್ಯಯನ ವಿಭಾಗವನ್ನು ಆರಂಭಿಸಿತು. 1971ರಲ್ಲಿ ಅದರ ಮೊದಲ ಪ್ರಾಧ್ಯಾಪಕರಾಗಿ ಉಪಾಧ್ಯೆಯವರು ಮಾನಸಗಂಗೋತ್ರಿಗೆ ಬಂದರು. ಆಗ ಅವರಿಗೆ 65 ವರ್ಷ.

ಬದಲಾವಣೆಯ ಅರ್ಥವನ್ನು ಇಲ್ಲಿ ಗಮನಿಸಬೇಕು. ಕೊಲ್ಲಾಪುರದಲ್ಲಿ ಅರ್ಧಮಾಗಧಿ ಪದವಿ ತರಗತಿಯ ಒಂದು ಐಚ್ಛಿಕ ಭಾಷೆಯಾಗಿತ್ತು. ಮೈಸೂರಿನಲ್ಲಿ ಪ್ರಾಕೃತಕ್ಕೆ ತನ್ನದೇ ಆದ ಸ್ನಾತಕೋತ್ತರ ವಿಭಾಗ, ಪ್ರಾಧ್ಯಾಪಕ ಪೀಠ, ಸಂಶೋಧನಾ ಅವಕಾಶಗಳು ದೊರೆತವು. ಹೊರನೋಟಕ್ಕೆ ವಿಷಯ ಶಿಖರ ಮುಟ್ಟಿತ್ತು. 1971ರಲ್ಲಿ ಕ್ಯಾನ್‌ಬೆರಾ, 1973ರಲ್ಲಿ ಪ್ಯಾರಿಸ್ ನಗರಗಳಲ್ಲಿ ನಡೆದ ಅಂತಾರಾಷ್ಟ್ರೀಯ ಪ್ರಾಚ್ಯವಿದ್ಯಾ ಸಮ್ಮೇಳನಗಳಲ್ಲಿ ಉಪಾಧ್ಯೆಯವರು ಪಾಲ್ಗೊಂಡರು. ಯಾಪನೀಯ ಸಂಘವನ್ನು ಕುರಿತ ತಮ್ಮ ಮೊದಲ ಲೇಖನಕ್ಕೆ ಹೊಸ ಸಾಮಗ್ರಿ ಸೇರಿಸಿದ ಬರಹವನ್ನು 1974ರಲ್ಲಿ, ಅಂದರೆ 41 ವರ್ಷಗಳ ಬಳಿಕ, ಭಂಡಾರಕರ್ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟಿಸಿದರು. 1975ರ ಅಕ್ಟೋಬರ್ 8ರಂದು ಕೊಲ್ಲಾಪುರದಲ್ಲಿ ನಿಧನರಾದರು.

ಬುಡ ಒಣಗಿದ ಬಗೆ

ಶಿಖರ ಏರುತ್ತಿದ್ದ ಕಾಲಕ್ಕೇ ಬುಡ ಒಣಗತೊಡಗಿತ್ತು. ಸ್ವಾತಂತ್ರ್ಯಾನಂತರ ಪ್ರಾಂತೀಯ ಭಾಷೆಗಳಿಗೆ ಕಾಲೇಜು ಶಿಕ್ಷಣದಲ್ಲಿ ನ್ಯಾಯವಾಗಿಯೇ ಸ್ಥಾನ ದೊರೆಯಿತು. ಪ್ರಾಚೀನ ಭಾಷೆಯೊಂದನ್ನು ಓದಲೇಬೇಕೆಂಬ ಒತ್ತಡ ಸಡಿಲವಾಯಿತು. 1949ರಲ್ಲಿ ಸ್ಥಾಪನೆಯಾದ ಕರ್ನಾಟಕ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಬೆಳಗಾವಿಯ ಕಾಲೇಜುಗಳು ಬಂದವು. 1956ರ ರಾಜ್ಯ ಪುನರ್ವಿಂಗಡಣೆಯ ನಂತರ ಬೆಳಗಾವಿ ಒಂದು ರಾಜ್ಯಕ್ಕೂ, ಕೊಲ್ಲಾಪುರ, ಸಾಂಗ್ಲಿಗಳು ಮತ್ತೊಂದು ರಾಜ್ಯಕ್ಕೂ ಸೇರಿದವು. ಅರ್ಧಮಾಗಧಿ ಪಾಠಕ್ಕೆ ನೀರೆರೆದಿದ್ದ ಒಂದೇ ಸೀಮೆ ಎರಡು ಶಿಕ್ಷಣ ವ್ಯವಸ್ಥೆಗಳಲ್ಲಿ ಹಂಚಿಹೋಯಿತು. ಮಹಾರಾಷ್ಟ್ರದ ಹತ್ತನೆಯ ತರಗತಿಯ ಪರೀಕ್ಷಾ ವಿಷಯಗಳ ಪಟ್ಟಿಯಲ್ಲಿ ಅರ್ಧಮಾಗಧಿ ಉಳಿದುಬಂದಿದೆ. ಕರ್ನಾಟಕದ ಪಿಯುಸಿ ಭಾಷಾ ಪಟ್ಟಿಯಲ್ಲಿ ಸಂಸ್ಕೃತ, ಅರೇಬಿಕ್, ಫ್ರೆಂಚ್‌ಗಳಿದ್ದರೂ ಪ್ರಾಕೃತವಿಲ್ಲ.

ಪರಿಣಾಮ ಊಹಿಸಬಹುದಾದದ್ದೇ. ಶಾಲೆ, ಪಿಯು ತರಗತಿಗಳಲ್ಲಿ ಭಾಷೆಯಿಲ್ಲದಿದ್ದರೆ ಪದವಿಗೆ ವಿದ್ಯಾರ್ಥಿ ಬರುವುದಿಲ್ಲ. ಪದವಿಯಲ್ಲಿ ಪಾಠವಿಲ್ಲದಿದ್ದರೆ ಎಂ.ಎ. ಮಾಡಿದವರಿಗೆ ಹುದ್ದೆಯಿಲ್ಲ. ಹುದ್ದೆಯಿಲ್ಲವೆಂದು ತಿಳಿದ ಮೇಲೆ ಎಂ.ಎ.ಗೆ ಸೇರುವವರು ಯಾರು? ಮೈಸೂರಿನ ವಿಭಾಗವನ್ನು ಉಪಾಧ್ಯೆಯವರ ನಂತರ ಎಂ.ಡಿ. ವಸಂತರಾಜ್ ಅವರಂತಹ ವಿದ್ವಾಂಸರು ಮುನ್ನಡೆಸಿದರು. ಧಾರವಾಡದಲ್ಲಿ ಬಿ.ಕೆ. ಖಡಬಡಿಯವರು ಪ್ರಾಕೃತ ಬೋಧನೆಯ ಜೊತೆಗೆ ವಡ್ಡಾರಾಧನೆಯ ಅಧ್ಯಯನವನ್ನು ಮುಂದುವರಿಸಿದರು. ಅವರ ಗ್ರಂಥವನ್ನು 1979ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವೇ ಪ್ರಕಟಿಸಿತು. ವಿದ್ವತ್ತಿಗೆ ಕೊರತೆಯಿರಲಿಲ್ಲ. ಆದರೆ ವಿಷಯ ಒಬ್ಬಿಬ್ಬರು ಸಮರ್ಥರ ಹೆಗಲ ಮೇಲೆ ನಿಂತಿತೇ ಹೊರತು, ತರಗತಿಗಳ ಸರಪಳಿ ಮತ್ತೆ ಜೋಡಣೆಯಾಗಲಿಲ್ಲ. ಕಾಲಕ್ರಮದಲ್ಲಿ ಪ್ರಾಕೃತದ ಆಶ್ರಯ ವಿಶ್ವವಿದ್ಯಾಲಯಗಳಿಂದ ಮಠಗಳತ್ತ ಸರಿಯಿತು. ಶ್ರವಣಬೆಳಗೊಳದ ಪ್ರಾಕೃತ ಅಧ್ಯಯನ ಹಾಗೂ ಸಂಶೋಧನಾ ಸಂಸ್ಥೆ, ಅಲ್ಲಿಂದ ಹೊರಬಂದ ಧವಲಾ ಗ್ರಂಥಗಳ ಕನ್ನಡಾನುವಾದ ಇದಕ್ಕೆ ನಿದರ್ಶನ.

ಮಠಗಳ ಕಾರ್ಯ ಸ್ತುತ್ಯವಾದುದೇ. ಆದರೆ ಅಶೋಕನ ಶಾಸನ, ವಡಗಾವದ ಯಾಗಸ್ತಂಭ, ಕಂಸವಹೋದಂತಹ ಕೃಷ್ಣಕಾವ್ಯಗಳನ್ನು ಓದಬಲ್ಲವರನ್ನು ರೂಪಿಸುವುದು ಯಾವುದೇ ಒಂದು ಸಮುದಾಯದ ಹೊಣೆಯಲ್ಲ. ಅದು ಸಾರ್ವಜನಿಕ ವಿಶ್ವವಿದ್ಯಾಲಯದ ಕರ್ತವ್ಯ.

ಕೇಂದ್ರ ಸಚಿವ ಸಂಪುಟ 2024ರ ಅಕ್ಟೋಬರ್ 3ರಂದು ಮರಾಠಿ, ಪಾಲಿ, ಅಸ್ಸಾಮಿ, ಬಂಗಾಳಿಗಳೊಂದಿಗೆ ಪ್ರಾಕೃತಕ್ಕೂ ಶಾಸ್ತ್ರೀಯ ಭಾಷೆಯ ಸ್ಥಾನ ನೀಡಲು ಒಪ್ಪಿತು. 2008ರಲ್ಲಿ ಅದೇ ಸ್ಥಾನ ಪಡೆದ ಕನ್ನಡಿಗರಿಗೆ ಗೊತ್ತು: ಘೋಷಣೆಯ ಬೆನ್ನಿಗೆ ಪೀಠ, ಹುದ್ದೆ, ಅನುದಾನಗಳು ಬಾರದಿದ್ದರೆ ಸ್ಥಾನ ಕಾಗದದಲ್ಲಿಯೇ ಉಳಿಯುತ್ತದೆ. 1930ರಲ್ಲಿ ಉಪಾಧ್ಯೆಯವರನ್ನು ವಿದ್ವಾಂಸರನ್ನಾಗಿ ಬೆಳೆಸಿದ್ದು ಬಿರುದಲ್ಲ. ಕಾಲೇಜಿನ ಪಠ್ಯಕ್ರಮದಲ್ಲಿದ್ದ ಒಂದು ಸಾಲು, ಆ ಸಾಲಿಗೆ ತಕ್ಕ ಒಂದು ಖಾಯಂ ಹುದ್ದೆ. 2010ರಲ್ಲಿ ಸ್ಥಾಪನೆಗೊಂಡ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ರೂಪದಲ್ಲಿ ಈಗ ಬೆಳಗಾವಿಗೆ ತನ್ನದೇ ಆದ ವಿಶ್ವವಿದ್ಯಾಲಯವಿದೆ. ಕನ್ನಡ ಎಂ.ಎ. ತರಗತಿಯಲ್ಲಿ ವಡ್ಡಾರಾಧನೆಯ ಪಾಠದ ಜೊತೆಗೆ, ಅದರ 19 ಗಾಹೆಗಳನ್ನು ಮೂಲದಲ್ಲಿಯೇ ಅರಿಯುವಷ್ಟು ಪ್ರಾಕೃತವನ್ನು ಒಂದು ಪತ್ರಿಕೆಯಾಗಿ ಬೋಧಿಸಲು ದೊಡ್ಡ ಕಟ್ಟಡವೇನೂ ಬೇಕಿಲ್ಲ. ಉಪಾಧ್ಯೆಯವರು ಸಿದ್ಧಪಡಿಸಿಟ್ಟ ಗ್ರಂಥಗಳು ಗ್ರಂಥಾಲಯದಲ್ಲಿವೆ. ಬೇಕಾಗಿರುವುದು ಒಬ್ಬ ಅಧ್ಯಾಪಕ.